ಆಮೆಯ ಚಿಪ್ಪಿಗೂ ನೋವಿದೆ

ಪತ್ರಿಕೆಯಲ್ಲಿ ಬಂದ ಸಾಕುಪ್ರಾಣಿಗಳ ಕುರಿತ ಲೇಖನದಲ್ಲಿ, ಆಮೆಯ ಚಿಪ್ಪು ಉಗುರಿನಂತೆ ನಿರ್ಜೀವ, ಅಂಚಿಗೆ ತೂತು ಕೊರೆದು ದಾರ ಕಟ್ಟಿದರೂ ಅದಕ್ಕೆ ಗೊತ್ತಾಗದು ಎಂದು ಬರೆದಿದ್ದಾರೆ. ಇದು ಶುದ್ಧ ತಪ್ಪು. ಇದನ್ನು ನಂಬಿ ನಾಳೆ ಯಾರಾದರೂ ಕೊರೆಯಲು ಕೂತರೆ ಹೊಣೆ ಯಾರದು?

ಉಗುರಿನ ಮಾತು ಹೊರಪದರಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿರುವುದು ಕೆರಾಟಿನ್, ಅದೂ ತೆಳ್ಳಗೆ. ಅದರಡಿಯಲ್ಲೇ ರಕ್ತ ಹರಿಯುವ, ನರಗಳಿರುವ ಜೀವಂತ ಮೂಳೆ. ಬೆನ್ನುಮೂಳೆಯೂ ಅಗಲವಾದ ಪಕ್ಕೆಲುಬುಗಳೂ ಬೆಸೆದುಕೊಂಡೇ ಬೆನ್ನಿನ ಚಿಪ್ಪಾಗಿದೆ. ನಮ್ಮ ಹೆಗಲೆಲುಬು ಪಕ್ಕೆಲುಬುಗಳ ಹೊರಗಿದ್ದರೆ ಆಮೆಯದು ಒಳಗಿದೆ! ಕಾರ್ಟೂನಿನಲ್ಲಿ ಕಾಣುವ ಹಾಗೆ ಚಿಪ್ಪು ಕಳಚಿ ಹೊರಬರಬೇಕಾದರೆ ಅದು ತನ್ನ ಬೆನ್ನುಮೂಳೆಯನ್ನೇ ಬಿಟ್ಟು ಬರಬೇಕು.

ಚಿಪ್ಪು ಪಕ್ಕೆಲುಬುಗಳಿಂದಲೇ ಆದದ್ದು ಎನ್ನುವುದಕ್ಕೆ ಪಳೆಯುಳಿಕೆಯ ಸಾಕ್ಷಿಯೂ ಇದೆ. ಚೀನಾದ ಗುಯಿಝೌನಲ್ಲಿ ಸಿಕ್ಕು 2008ರಲ್ಲಿ ವರದಿಯಾದ ಪುರಾತನ ಆಮೆ ಓಡಾಂಟೊಕೆಲಿಸ್ ಸುಮಾರು 22 ಕೋಟಿ ವರ್ಷ ಹಳೆಯದು. ಅದಕ್ಕೆ ಹೊಟ್ಟೆಯ ಚಿಪ್ಪು ಪೂರ್ತಿಯಾಗಿತ್ತು. ಬೆನ್ನಿನಲ್ಲಿ ಅಗಲಗೊಂಡ ಪಕ್ಕೆಲುಬುಗಳಿದ್ದವು, ಪೂರ್ಣ ಚಿಪ್ಪು ಇನ್ನೂ ಆಗಿರಲಿಲ್ಲ.

ಚಿಪ್ಪು ಎಷ್ಟು ಜೀವಂತ ಎಂದು ತಿಳಿಯಲು ಉತ್ತರ ಅಮೆರಿಕದ ಪೇಂಟೆಡ್ ಆಮೆಯನ್ನೇ ನೋಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದಡಿ ಆಮ್ಲಜನಕವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಆಗ ಮೈಯಲ್ಲಿ ತುಂಬುವ ಲ್ಯಾಕ್ಟಿಕ್ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸಲು ಬೇಕಾದ ಕಾರ್ಬೊನೇಟ್ ಬರುವುದು ಚಿಪ್ಪಿನಿಂದಲೇ. ಇದನ್ನು ನಿರ್ಜೀವ ಎನ್ನಲು ಮನಸ್ಸಾದರೂ ಹೇಗೆ ಬಂತು?

ಇಷ್ಟಕ್ಕೂ, ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲೇಖನದಲ್ಲಿ ಆ ಮಾತೇ ಇಲ್ಲ. ತೂತಿನ ಸಲಹೆಯನ್ನು ಪತ್ರಿಕೆ ಮುಂದಿನ ಸಂಚಿಕೆಯಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಹಿಂಪಡೆಯಲಿ.