ಚಾಸಿಗೆ ಕೊರೆಯುವ ತೂತು



ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಸಮೀಪಿಸಿತೆಂದರೆ ನಾಗಣಸೂರ, ಅಕ್ಕಲಕೋಟೆ ಸುತ್ತಿನ ಗ್ಯಾರೇಜುಗಳಿಗೆ ಬಿಡುವಿರುವುದಿಲ್ಲ. ವರ್ಷವೆಲ್ಲ ಹೊಲದ ಬದಿಗೆ ಬಿದ್ದಿದ್ದ ಟ್ರಾಲಿಗಳು ಒಂದೊಂದಾಗಿ ಬಂದು ಸಾಲು ನಿಲ್ಲುತ್ತವೆ. ಮುರಿದ ಪಾಟಾ ಬದಲಿಸಬೇಕು, ಸವೆದ ಹ್ಯಾಂಗರ್ ತೆಗೆದು ಹೊಸದು ಕೂಡಿಸಬೇಕು. ಇಷ್ಟಾದರೆ ರಿಪೇರಿ. ಆದರೆ ಮಾಲೀಕ ಕೇಳುವುದು ಬಹಳ ಸಲ ಇನ್ನೊಂದನ್ನು. ಎರಡು ಪಾಟಾ ಹೆಚ್ಚಿಗೆ ಹಾಕು, ಹ್ಯಾಂಗರನ್ನು ಒಂದು ಗೇಣು ಹಿಂದಕ್ಕೆ ಸರಿಸು, ಲೋಡು ಜಾಸ್ತಿ ತುಂಬಬೇಕು. ಹಾಗೆ ಸರಿಸಬೇಕಾದರೆ ಚಾಸಿಗೆ ಹೊಸ ತೂತು ಕೊರೆಯಲೇಬೇಕು.

ತೋಟದ ಲೈನುಮನೆಯಲ್ಲಿ ಕುಳಿತು ಈ ಪತ್ರಿಕೆ ಓದುವ ನಮ್ಮವರಿಗೆ ನಾಗಣಸೂರ ದೂರದ ಊರು. ಸೊಲ್ಲಾಪುರ ಜಿಲ್ಲೆಯಲ್ಲಿದೆ, ಸರಕಾರದ ಕಾಗದ ಮರಾಠಿಯಲ್ಲಿ ಬರುತ್ತದೆ, ಮನೆಯ ಮಾತು ಕನ್ನಡ. ಆ ಸೀಮೆಯ ಬಡ ಕುಟುಂಬಗಳು ಮುಕದ್ದಮನ ಕೈಯಿಂದ ಮುಂಗಡ ಪಡೆದು, ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂಬ ಲೆಕ್ಕದಲ್ಲಿ ಕಬ್ಬು ಕಡಿಯಲು ಹೊರಡುತ್ತವೆ. ಹಾಸಿಗೆ, ಪಾತ್ರೆ, ಮಕ್ಕಳು, ಮೇಕೆ ಎಲ್ಲವೂ ಅದೇ ಟ್ರಾಲಿಯಲ್ಲಿ. ತೋಟದವರದು ಟ್ರಾಲಿಯ ಬದಲು ಜೀಪು ಅಥವಾ ಪಿಕಪ್. ಹಣ್ಣು ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಎಷ್ಟು ಜನ ಅದಕ್ಕೆ ಹತ್ತುತ್ತಾರೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅಲ್ಲಿಯೂ ಸ್ಪ್ರಿಂಗಿಗೆ ಪಾಟಾ ಸೇರಿಸುವುದು, ಚಾಸಿಗೆ ತೂತು ಹೊಡೆಯುವುದು ನಡೆದೇ ಇದೆ.

2023ರ ಆಗಸ್ಟ್ 25ರಂದು ವಯನಾಡಿನ ಮಾನಂತವಾಡಿ ಬಳಿ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಹೆಂಗಸರ ಜೀಪು ಕಮರಿಗೆ ಉರುಳಿ ಒಂಬತ್ತು ಮಂದಿ ತೀರಿಕೊಂಡರು. ಆ ಜೀಪಿನ ಚಾಸಿಯ ಮೇಲೆ ನಾವು ತಪ್ಪು ಹೊರಿಸುತ್ತಿಲ್ಲ. ಕೂಲಿಗೆ ಹೋದವರು ಕುಳಿತು ಬರುವ ಗಾಡಿಯ ಸ್ಥಿತಿ ಕುಟುಂಬದ ಜೀವಕ್ಕೆ ಸಂಬಂಧಿಸಿದ್ದು ಎಂಬುದಕ್ಕೆ ಮಾತ್ರ ಅದನ್ನು ನೆನೆಯುತ್ತೇವೆ.

ಇನ್ನೊಂದು ಸಂಗತಿ ಇದೆ. ಗಾಡಿಯ ಮೇಲೆ ಕೂರುವವರು ನಾವು. ಗಾಡಿಯ ಕೆಳಗೆ ಮಲಗಿ ತೂತು ಕೊರೆಯುವ ಹುಡುಗರೂ ನಮ್ಮವರೇ. ಏಳನೆಯ ಅಥವಾ ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಮಕ್ಕಳು ನಮ್ಮ ಪ್ರತಿಯೊಂದು ಸಭೆಯಲ್ಲಿ ಇದ್ದಾರೆ. ಆದುದರಿಂದ ತೂತಿನ ಮಾತನ್ನು ಸ್ವಲ್ಪ ವಿವರವಾಗಿಯೇ ಆಡುತ್ತೇವೆ. ಇದು ಸಂಪಾದಕೀಯಕ್ಕೆ ತಕ್ಕ ವಿಷಯವೇ ಎಂದು ಕೇಳುವವರು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಲಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಎತ್ತಿಸದೆ, ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ರಕ್ತ ಕಟ್ಟಿದವನ ಮನೆಯ ಮೇಲೆ ಇರುತ್ತದೆಂದು ದೇವರ ಧರ್ಮಶಾಸ್ತ್ರವೇ ಗಾರೆ ಕೆಲಸದ ವಿವರಕ್ಕೆ ಇಳಿದಿದೆ.

ತೂತು ಎಲ್ಲಿರಬೇಕು ಎಂಬುದು ಮೊದಲ ಪ್ರಶ್ನೆ. ಲಾರಿಯ ಚಾಸಿ ಹೆಚ್ಚಾಗಿ ‘ಸಿ’ ಅಕ್ಷರದ ಆಕಾರದ ಚಾನಲ್. ಅದಕ್ಕೆ ಮೇಲೊಂದು ತುಟಿ, ಕೆಳಗೊಂದು ತುಟಿ, ನಡುವೆ ನಿಂತ ತಗಡು. ಭಾರ ಬಿದ್ದು ಚಾಸಿ ಬಾಗುವಾಗ ಅತಿ ಹೆಚ್ಚು ಎಳೆತವೂ ಒತ್ತಡವೂ ಬೀಳುವುದು ಆ ತುಟಿಗಳ ಮೇಲೆ. ನಡುವಿನ ತಗಡಿನ ಮಧ್ಯಭಾಗದಲ್ಲಿ ಬಾಗುವಿಕೆಯ ಬಲ ತೀರ ಕಡಿಮೆ. ಆದುದರಿಂದ ತುಟಿಗೆ ತೂತು ಹೊಡೆಯಲೇಬಾರದು. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಬಲ ಸುಮಾರು ಮೂರು ಪಟ್ಟಾಗುತ್ತದೆ. ಗ್ಯಾಸ್ ಕಟರಿನಿಂದ ಸುಟ್ಟು ಮಾಡಿದ ತೂತಿನ ಅಂಚು ಹಲ್ಲುಹಲ್ಲಾಗಿರುವುದರಿಂದ ಬಿರುಕಿಗೆ ಅದೇ ಬಾಗಿಲು. ಸುಟ್ಟ ಜಾಗದ ಉಕ್ಕು ಮೊದಲಿನ ಗುಣವನ್ನೂ ಕಳೆದುಕೊಳ್ಳುತ್ತದೆ. ಐದು ನಿಮಿಷದ ಕೆಲಸವೆಂದು ಗ್ಯಾಸ್ ಹಚ್ಚುವ ಮಿಸ್ತ್ರಿಯನ್ನು ಜಾಣನೆಂದು ಹೊಗಳುವ ರೂಢಿ ನಮ್ಮಲ್ಲಿದೆ. ನಮಗೆ ಅದು ಜಾಣತನವಾಗಿ ಕಾಣುವುದಿಲ್ಲ.

ಎರಡನೆಯದು ತೂತಿನ ನೇರ. ಅನೇಕ ಟ್ರಾಲಿ, ಪಿಕಪ್‌ಗಳ ಚಾಸಿ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂತಿರುತ್ತದೆ. ಅದರಲ್ಲಿ ಒಂದು ಬದಿಯಿಂದ ಡ್ರಿಲ್ ಹಾಕಿ ಇನ್ನೊಂದು ಬದಿಗೆ ತೆಗೆಯುವುದು ಕಾಣುವಷ್ಟು ಸುಲಭವಲ್ಲ. ಪೆಟ್ಟಿಗೆ 100 ಮಿಲಿಮೀಟರ್ ಅಗಲವಿದ್ದು, ಕೈಯಲ್ಲಿ ಹಿಡಿದ ಡ್ರಿಲ್ ಬರೀ ಮೂರು ಡಿಗ್ರಿ ವಾಲಿದರೆ ಆಚೆಯ ತೂತು 5 ಮಿಲಿಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಮೂರು ಡಿಗ್ರಿ ಬರಿಗಣ್ಣಿಗೆ ತಿಳಿಯುವುದೇ ಇಲ್ಲ. ಆಮೇಲೆ ಬೋಲ್ಟು ಹೋಗಲಿಲ್ಲವೆಂದು ತೂತನ್ನು ಅಗಲ ಮಾಡುತ್ತಾರೆ. ಅಗಲವಾದ ತೂತಿನಲ್ಲಿ ಬೋಲ್ಟು ಓರೆಯಾಗಿ ಕೂರುತ್ತದೆ, ಅದರ ತಲೆ ಒಂದೇ ಅಂಚಿನ ಮೇಲೆ ನಿಲ್ಲುತ್ತದೆ, ನಟ್ಟು ಸಡಿಲಾಗುತ್ತದೆ. ದುಂಡಗಿದ್ದ ತೂತು ದಿನ ಕಳೆದಂತೆ ಮೊಟ್ಟೆಯಾಕಾರ ತಾಳುತ್ತದೆ. ಹ್ಯಾಂಗರ್ ಸರಿದರೆ ಎಕ್ಸಲ್ಲೂ ಸರಿಯುತ್ತದೆ. ಟ್ರಾಲಿ ಟ್ರ್ಯಾಕ್ಟರಿನ ಹಿಂದೆ ನೆಟ್ಟಗೆ ಬಾರದೆ ಏಡಿಯಂತೆ ಅಡ್ಡ ನಡೆಯುತ್ತದೆ. ಎರಡು ಎಕ್ಸಲ್ ಇದ್ದು ಒಂದಕ್ಕೊಂದು ಸಮವಾಗಿಲ್ಲದಿದ್ದರೆ ಟೈರು ಒಂದೇ ಬದಿ ತೇಯುತ್ತದೆ.

ನೆಟ್ಟಗೆ ಕೊರೆಯಲು ದೊಡ್ಡ ಯಂತ್ರವೇನೂ ಬೇಡ, ತಾಳ್ಮೆ ಬೇಕು. ಚಾಸಿಯ ಎರಡೂ ಬದಿಗೆ ಒಂದೇ ಸ್ಥಳದಿಂದ ಅಳತೆ ಹಿಡಿದು ಗುರುತು ಹಾಕಬೇಕು. ಒಂದು ಬದಿಗೆ ಮುಂದಿನ ತುದಿಯಿಂದ, ಇನ್ನೊಂದು ಬದಿಗೆ ಹಿಂದಿನ ತುದಿಯಿಂದ ಅಳೆದರೆ ಕೆಟ್ಟಿತು. ಗುರುತಿನ ಮೇಲೆ ಪಂಚ್ ಹೊಡೆದು, ನಾಲ್ಕೈದು ಮಿಲಿಮೀಟರಿನ ಸಣ್ಣ ಬಿಟ್ಟಿನಿಂದ ಈ ಬದಿ ಒಂದು, ಆ ಬದಿ ಒಂದು ತೂತು ತೆಗೆಯಬೇಕು. ಅನಂತರ ಹಂತಹಂತವಾಗಿ ದೊಡ್ಡ ಬಿಟ್ಟು. ಒಂದು ದಪ್ಪ ಪ್ಲೇಟಿಗೆ ಸ್ಟ್ಯಾಂಡಿನ ಡ್ರಿಲ್ಲಿನಲ್ಲಿ ನೆಟ್ಟಗೆ ತೂತು ಮಾಡಿಸಿ ಅದನ್ನು ಚಾಸಿಗೆ ಶಿಕಂಜದಿಂದ ಬಿಗಿದರೆ ಬಿಟ್ಟು ಆ ತೂತಿನೊಳಗೇ ನಡೆಯುತ್ತದೆ, ಆಚೀಚೆ ಅಲೆಯುವುದಿಲ್ಲ. ಜೊತೆಗಾರನೊಬ್ಬ ಪಕ್ಕದಲ್ಲಿ ಮೂಲೆಮಟ್ಟ ಹಿಡಿದು ನೋಡುತ್ತಿರಬೇಕು. ಆ ಕಡೆ ಇದಕ್ಕೆ ಗುಣ್ಯಾ ಎನ್ನುತ್ತಾರೆ. ಬಿಟ್ಟು ನಿಧಾನ ತಿರುಗಲಿ, ಎಣ್ಣೆ ಬೀಳುತ್ತಿರಲಿ. ಕೈಗವಸು ಬೇಡ, ಬಿಟ್ಟು ಅದನ್ನು ಸುತ್ತಿಕೊಂಡು ಬೆರಳನ್ನೇ ಎಳೆದೀತು. ಕಣ್ಣಿಗೆ ಮಾತ್ರ ಕನ್ನಡಕ ಇರಲೇಬೇಕು, ಕೆಳಗೆ ಮಲಗಿದವನ ಮುಖದ ಮೇಲೆಯೇ ಚೂರು ಬೀಳುವುದು. ಮುಗಿದ ಮೇಲೆ ಅಂಚಿಗೆ ಅರ ಆಡಿಸಿ ಬಣ್ಣ ಬಳಿಯಬೇಕು.

ಪೆಟ್ಟಿಗೆ ಚಾಸಿಯಾದರೆ ಇನ್ನೊಂದು ಕೆಲಸ ಉಳಿಯುತ್ತದೆ. ಒಳಗೆ ಪೊಳ್ಳಿರುವುದರಿಂದ ಬೋಲ್ಟು ಬಿಗಿದಷ್ಟೂ ಎರಡೂ ಗೋಡೆಗಳು ಒಳಕ್ಕೆ ಅಮುಕುತ್ತವೆ. ಈ ದಿನ ಬಿಗಿಯಾಗಿ ಕಂಡದ್ದು ಎಂಟು ದಿನಕ್ಕೆ ಸಡಿಲು. ಬೋಲ್ಟಿನ ಸುತ್ತ, ಪೆಟ್ಟಿಗೆಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಗಟ್ಟಿ ಪೈಪಿನ ತುಂಡು ಇಟ್ಟರೆ ಬಿಗಿತವನ್ನು ಅದು ತಡೆದುಕೊಳ್ಳುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಅಚ್ಚಾಗಿರಬೇಕು. ಅಂಕಿಯಿಲ್ಲದ ಬೋಲ್ಟು ಗೇಟಿಗೆ ಸಾಕು, ಗಾಡಿಗೆ ಸಾಲದು.

ಇಷ್ಟೆಲ್ಲ ಚೆನ್ನಾಗಿ ಮಾಡಿದರೂ ಒಂದು ಮಾತನ್ನು ಮಾಲೀಕರಿಗೆ ಹೇಳದೆ ಬಿಡುವಂತಿಲ್ಲ. ಹೆಚ್ಚಿನ ಪಾಟಾ ಗಾಡಿಯನ್ನು ಕೆಳಗೆ ಕೂರದಂತೆ ಹಿಡಿಯುತ್ತದೆ, ಅಷ್ಟೇ. ಬ್ರೇಕು, ಟೈರು, ಎಕ್ಸಲ್ ಹಳೆಯವೇ. ಇಳಿಜಾರಿನಲ್ಲಿ ಅವುಗಳಿಗೆ ಹೆಚ್ಚಿನ ಭಾರ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಂಪನಿಯ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಹೊಣೆ ಮಾಲೀಕನದೆಂದು ಕಾಯಿದೆ ಸ್ಪಷ್ಟವಾಗಿ ಹೇಳಿರುವಾಗ, ಅಪಘಾತವಾದೊಡನೆ ಗ್ಯಾರೇಜಿನ ಹುಡುಗನನ್ನೋ ಡ್ರೈವರನನ್ನೋ ಮುಂದೆ ತಳ್ಳುವುದು ಅನ್ಯಾಯ.

ವಿಮೆಯ ವಿಷಯ ಇನ್ನೂ ಕಹಿ. ಸಾಮಾನು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿ ಕುಳಿತ ಪ್ರಯಾಣಿಕನಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಆಶಾರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಟ್ರಾಲಿಯಲ್ಲಿ ಮಕ್ಕಳನ್ನು ಕಬ್ಬಿನ ಮೇಲೆ ಕೂಡಿಸುವ ತಾಯಂದಿರಿಗೆ ಇದನ್ನು ಯಾರೂ ಹೇಳಿಲ್ಲ. ಜನರನ್ನು ಕರೆದೊಯ್ಯಲು ಬಸ್ಸೋ ಟೆಂಪೋವೋ ಬೇರೆ ಮಾಡಿಕೊಡೆಂದು ಮುಂಗಡ ಕೈಗೆ ತೆಗೆದುಕೊಳ್ಳುವ ಮೊದಲೇ ಮುಕದ್ದಮನ ಹತ್ತಿರ ಇಡೀ ಗ್ಯಾಂಗು ಒಟ್ಟಾಗಿ ಕೇಳಬೇಕು. ತೋಟದಲ್ಲಿಯೂ ಮೇಸ್ತ್ರಿಯ ಹತ್ತಿರ ಒಬ್ಬಳೇ ಹೋಗಿ ಕೇಳಿದರೆ ಮರುದಿನ ಅವಳಿಗೆ ಕೆಲಸವಿರುವುದಿಲ್ಲ. ಹತ್ತು ಮನೆಯವರು ಕೂಡಿ ಹೋಗಿರಿ.

ಅಲ್ಲಿಯವರೆಗೆ ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಖಾಲಿ ಟ್ರಾಲಿಯನ್ನು ಸಮನೆಲದ ಮೇಲೆ ನಿಲ್ಲಿಸಿರಿ. ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಪಿನ್ನಿನಿಂದ ಗಾರೆಯವರ ದಾರವೊಂದನ್ನು ಹಿಂದಿನ ಎಕ್ಸಲಿನ ಎಡ ತುದಿಗೆ ಎಳೆದು ಗಂಟು ಹಾಕಿ, ಅದೇ ದಾರವನ್ನು ಬಲ ತುದಿಗೆ ಎಳೆಯಿರಿ. ಗಂಟು ಅದೇ ಜಾಗಕ್ಕೆ ಬಾರದಿದ್ದರೆ ಎಕ್ಸಲ್ ಓರೆಯಾಗಿದೆ. ಬಳಿಕ ಹ್ಯಾಂಗರಿನ ಬೋಲ್ಟುಗಳ ಸುತ್ತ ಬೆರಳಾಡಿಸಿರಿ. ತುಕ್ಕಿನ ಕೆಂಪು ಪುಡಿ ಉದುರುತ್ತಿದ್ದರೆ ಬೋಲ್ಟು ಒಳಗೆ ಆಡುತ್ತಿದೆ. ಅಂಥ ಟ್ರಾಲಿ ಗ್ಯಾರೇಜಿಗೆ ಹೋಗಿ ಬರುವವರೆಗೆ ಮಕ್ಕಳನ್ನು ಅದಕ್ಕೆ ಹತ್ತಿಸಬೇಡಿರಿ.