ಹೆಸರು ಕಿತ್ತ ಮೇಲೆ ಹಿಟ್ ಆದ ಟ್ಯೂನು!

ಡಿಸೆಂಬರ್ ಬಂತು ಅಂದ್ರೆ ಸಾಕು, ಅಮೆರಿಕದಲ್ಲಿ ಒಂದು ಟ್ಯೂನು ಎಲ್ಲೆಲ್ಲೂ ಮೊಳಗುತ್ತೆ. ಮಾತಿಲ್ಲ, ಬರೀ ವಾದ್ಯ. ಮೊದಲು ಒಂಟಿ ಚೆಲ್ಲೋ ಒಂದು ಮೆಲ್ಲಗೆ ಅತ್ತ ಹಾಗೆ ಶುರುವಾಗುತ್ತೆ. ನೋಡ್ತಾ ನೋಡ್ತಾ ಗಿಟಾರು, ಡ್ರಮ್ಮು, ಇಡೀ ಆರ್ಕೆಸ್ಟ್ರಾ ಒಟ್ಟಿಗೆ ನುಗ್ಗಿ ಬಂದು ಎದೆ ಮೇಲೆ ಕೂತುಬಿಡುತ್ತೆ! ಅಂಗಡಿಗಳಲ್ಲಿ ಅದೇ, ರೇಡಿಯೋದಲ್ಲಿ ಅದೇ. ಯಾರದಪ್ಪಾ ಈ ಟ್ಯೂನು ಅಂತ ಕೇಳಿದರೆ ‘ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾ’ದ್ದು ಅಂತಾರೆ. ತಪ್ಪಲ್ಲ. ಆದರೆ 1995ರಲ್ಲಿ ಅದು ಮೊದಲು ಹೊರಗೆ ಬಂದಾಗ ಮೇಲಿದ್ದ ಹೆಸರೇ ಬೇರೆ.

ಸ್ಯಾವಟಾಜ್!

ಕೇಳಿಲ್ಲವಾ? ನಿಮ್ಮ ತಪ್ಪಲ್ಲ ಗೆಳೆಯರೇ. ಆ ಟ್ಯೂನನ್ನು ವರ್ಷಾ ವರ್ಷಾ ಕೇಳುವ ಅಮೆರಿಕದವರಲ್ಲೇ ಬಹಳಷ್ಟು ಜನ ಈ ಹೆಸರು ಕೇಳಿಲ್ಲ. ಇದು ಫ್ಲಾರಿಡಾದ ಒಂದು ಹೆವಿ ಮೆಟಲ್ ಬ್ಯಾಂಡು. ಹೆವಿ ಮೆಟಲ್‌ನಲ್ಲೂ ‘ಪವರ್ ಮೆಟಲ್’ ಅನ್ನುವ ಜಾತಿ. ಅಂದರೆ ಬಿರುಸಾದ ಗಿಟಾರು, ಕುದುರೆ ಓಡಿದ ಹಾಗೆ ಡ್ರಮ್ಮು, ಬಾನಿಗೇರುವ ಗಂಟಲು, ಜೊತೆಗೆ ರಾಜ, ರಾಕ್ಷಸ, ಯುದ್ಧ ಅಂತ ಒಂದು ಕಥೆ. ನಮ್ಮ ಪೌರಾಣಿಕ ನಾಟಕದಲ್ಲಿ ಭೀಮ ಗದೆ ಹಿಡಿದು ರಂಗಕ್ಕೆ ಬರ್ತಾನಲ್ಲ, ಆ ಗತ್ತು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಹೋಗಿ ಗಂಟಲು ಹರಿದುಕೊಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಬ್ಯಾಂಡಿನ ಜೀವ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಜಾನ್ ಒಲಿವಾ, ಹುಟ್ಟಿದ್ದು 1960. ದಢೂತಿ ಆಳು, ಪಿಯಾನೋ ಮುಂದೆ ಕೂತರೆ ಮಗು, ಮೈಕ್ ಹಿಡಿದರೆ ಹುಲಿ. ತಮ್ಮ ಕ್ರಿಸ್ ಒಲಿವಾ, ಅಣ್ಣನಿಗಿಂತ ಮೂರು ವರ್ಷ ಚಿಕ್ಕವನು. ಗಿಟಾರ್ ವಾದಕ. ಇವನ ಕೈಚಳಕ ಕೇಳಿದವರು ಇವತ್ತಿಗೂ ಆ ಕಾಲದ ದೊಡ್ಡ ದೊಡ್ಡ ಗಿಟಾರ್ ವೀರರ ಸಾಲಿನಲ್ಲಿ ಇವನನ್ನು ಕೂರಿಸುತ್ತಾರೆ. ವೇಗ ಇತ್ತು, ಆದರೆ ಬರೀ ವೇಗ ಇರಲಿಲ್ಲ. ಪ್ರತಿ ಸ್ವರಕ್ಕೂ ಒಂದು ನೋವು ಇತ್ತು. ಬ್ಯಾಂಡಿಗೆ ಮೊದಲು ‘ಅವತಾರ್’ ಅಂತ ಹೆಸರಿಟ್ಟಿದ್ದರಂತೆ. ಹೌದ್ರೀ, ನಮ್ಮ ಅವತಾರವೇ! ಆ ಹೆಸರು ಆಗಲೇ ಬೇರೆಯವರ ಹತ್ತಿರ ಇತ್ತು. ಅದಕ್ಕೆ ‘ಸ್ಯಾವೇಜ್’ ಅನ್ನುವ ಪದ ಬೆರೆಸಿ ಸ್ಯಾವಟಾಜ್ ಮಾಡಿಕೊಂಡರು. ಮೊದಲ ತಟ್ಟೆ ‘ಸೈರನ್ಸ್’ 1983ರಲ್ಲಿ ಬಂತು.

ಆಮೇಲೆ ದೊಡ್ಡ ಕಂಪನಿ ಅಟ್ಲಾಂಟಿಕ್ ಕೈ ಹಿಡಿಯಿತು. ಇನ್ನೇನು, ಲಾಟರಿ ಹೊಡೀತು ಅಂದುಕೊಂಡರು. ಗಾಂಧಿನಗರದ ಕಥೆ ಬಲ್ಲವರಿಗೆ ಮುಂದಿನದು ಗೊತ್ತೇ ಇದೆ! ‘ಸ್ವಲ್ಪ ಜನಪ್ರಿಯ ಶೈಲಿಯಲ್ಲಿ ಮಾಡಿ’ ಅಂತ ಒತ್ತಾಯ. 1986ರಲ್ಲಿ ‘ಫೈಟ್ ಫಾರ್ ದಿ ರಾಕ್’ ಅನ್ನುವ ತಟ್ಟೆ ಬಂತು. ಬೇರೆ ಬ್ಯಾಂಡ್‌ಗಳ ಎರಡು ಹಳೇ ಹಾಡು ಬೇರೆ ಅದರೊಳಗೆ. ಇತ್ತ ಮೆಟಲ್ ಅಭಿಮಾನಿಯೂ ಒಪ್ಪಲಿಲ್ಲ, ಅತ್ತ ರೇಡಿಯೋದವನೂ ಮುಟ್ಟಲಿಲ್ಲ. ಪಕ್ಕಾ ಫ್ಲಾಪ್. ಆ ತಟ್ಟೆ ಕಂಡರೆ ಬ್ಯಾಂಡಿನವರಿಗೇ ಆಗುತ್ತಿರಲಿಲ್ಲ.

ಮುಳುಗುವ ದೋಣಿಗೆ ಆಗ ಹತ್ತಿದವನು ಪಾಲ್ ಓನೀಲ್. ನ್ಯೂಯಾರ್ಕಿನ ಮನುಷ್ಯ, ನಿರ್ಮಾಪಕ, ಹಾಡು ಬರೆಯುವವನು, ಅದಕ್ಕಿಂತ ಹೆಚ್ಚಾಗಿ ಕಥೆ ಹೇಳುವ ಹುಚ್ಚಿನವನು. ಈ ಒಲಿವಾಗಳ ಹತ್ತಿರ ಬರೀ ಗಲಾಟೆ ಅಲ್ಲ, ಒಂದು ನಾಟಕ ಇದೆ ಅಂತ ಕಂಡುಕೊಂಡವನು ಇವನು. 1987ರ ‘ಹಾಲ್ ಆಫ್ ದಿ ಮೌಂಟನ್ ಕಿಂಗ್’ನಲ್ಲಿ ನಾರ್ವೆಯ ಗ್ರೀಗ್ ಎಂಬಾತ ಹತ್ತೊಂಬತ್ತನೇ ಶತಮಾನದಲ್ಲಿ ನಾಟಕವೊಂದಕ್ಕೆ ಬರೆದ ಸಂಗೀತವನ್ನು ಕ್ರಿಸ್ ಕೈಗೆ ಕೊಟ್ಟು ಗಿಟಾರಿನಲ್ಲಿ ಗುಡುಗಿಸಿದರು. ಶೀರ್ಷಿಕೆ ಹಾಡಿನಲ್ಲಿ ಜಾನ್ ನಗುವ ನಗು ಇದೆಯಲ್ಲ, ನಮ್ಮ ವಜ್ರಮುನಿಯವರನ್ನು ಬಿಟ್ಟರೆ ಅಂಥ ನಗು ನಾನು ಬೇರೆಲ್ಲೂ ಕೇಳಿಲ್ಲ.

ಅದಾದ ಮೇಲೆ ಜಾನ್ ಟೊರಾಂಟೋದಲ್ಲಿ ‘ಫ್ಯಾಂಟಮ್ ಆಫ್ ದಿ ಆಪೆರಾ’ ಸಂಗೀತ ನಾಟಕ ನೋಡಿದ. ತಲೆ ಕೆಟ್ಟುಹೋಯಿತು. ಬಂದವನೇ ಪಿಯಾನೋ ಹಿಡಿದ. 1989ರ ‘ಗಟರ್ ಬ್ಯಾಲೆ’ ಹುಟ್ಟಿದ್ದು ಹಾಗೆ. ಮೆಟಲ್ ಬ್ಯಾಂಡಿನಲ್ಲಿ ಪಿಯಾನೋ ಅಂದರೆ ಆಗ ಮೂಗು ಮುರಿಯುವವರೇ ಜಾಸ್ತಿ. 1991ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಸ್ಟ್ರೀಟ್ಸ್’ ಮಾಡಿದರು. ಇಡೀ ತಟ್ಟೆ ಒಂದೇ ಕಥೆ. ನ್ಯೂಯಾರ್ಕಿನ ಬೀದಿಯಲ್ಲಿ ಮಾದಕ ವಸ್ತು ಮಾರುವವನೊಬ್ಬ ದೊಡ್ಡ ಗಾಯಕನಾಗಿ, ಮೆರೆದು, ಬಿದ್ದು, ಮತ್ತೆ ಏಳಲು ಒದ್ದಾಡುವ ಕಥೆ. ಸಿನಿಮಾ ಮಾಡಿದ್ದರೆ ನೂರು ದಿನ ಓಡುತ್ತಿತ್ತು! ಆದರೆ ಅದೇ ವರ್ಷ ನಿರ್ವಾಣ ಎಂಬ ಬ್ಯಾಂಡಿನ ‘ನೆವರ್‌ಮೈಂಡ್’ ಬಂದು ಅಮೆರಿಕದ ಹುಡುಗರ ರುಚಿಯನ್ನೇ ತಿರುಗಿಸಿಬಿಟ್ಟಿತು. ಉದ್ದ ಕಥೆ, ಪಿಯಾನೋ, ಎತ್ತರದ ಗಂಟಲು ಇವೆಲ್ಲ ಒಂದೇ ರಾತ್ರಿಯಲ್ಲಿ ಹಳೇ ಕಾಲದ್ದಾದವು.

ಜಾನ್‌ಗೂ ಸುಸ್ತಾಗಿತ್ತು. ಹಾಡುವ ಜಾಗ ಬಿಟ್ಟುಕೊಟ್ಟು, ತೆರೆಮರೆಗೆ ಸರಿದು, ಹಾಡು ಕಟ್ಟುವುದಕ್ಕೆ ಮಾತ್ರ ನಿಂತ. ಜ್ಯಾಕ್ ಸ್ಟೀವನ್ಸ್ ಎಂಬ ಹೊಸ ಗಾಯಕ ಬಂದ. 1993ರ ಏಪ್ರಿಲ್‌ನಲ್ಲಿ ‘ಎಡ್ಜ್ ಆಫ್ ಥಾರ್ನ್ಸ್’ ಬಂತು. ನನ್ನನ್ನು ಕೇಳಿದರೆ ಕ್ರಿಸ್ ನುಡಿಸಿದ್ದರಲ್ಲೇ ಅತ್ಯುತ್ತಮ ಇದು. ರೇಡಿಯೋದವರೂ ಶೀರ್ಷಿಕೆ ಹಾಡನ್ನು ಹಾಕತೊಡಗಿದರು. ಹತ್ತು ವರ್ಷದ ಮೇಲೆ ಬಾಗಿಲು ಸ್ವಲ್ಪ ತೆರೆದಿತ್ತು.

ಅಕ್ಟೋಬರ್ 17, 1993. ಬೆಳಗಿನ ಜಾವ. ಕ್ರಿಸ್ ತನ್ನ ಹೆಂಡತಿಯ ಜೊತೆ ಕಾರಿನಲ್ಲಿ ಫ್ಲಾರಿಡಾದ ಝೆಫಿರ್‌ಹಿಲ್ಸ್ ಬಳಿಯ ಸಂಗೀತ ಮೇಳಕ್ಕೆ ಹೊರಟಿದ್ದ. ಎದುರಿನಿಂದ ಬರುತ್ತಿದ್ದ ಕಾರು ಗೆರೆ ದಾಟಿ ಬಂದು ಗುದ್ದಿತು. ಅದನ್ನು ಓಡಿಸುತ್ತಿದ್ದವನು ಕುಡಿದಿದ್ದ. ಹೆಂಡತಿ ತೀವ್ರ ಗಾಯಗಳೊಂದಿಗೆ ಬದುಕಿದರು. ಕ್ರಿಸ್ ಅಲ್ಲೇ ಮುಗಿದ. ವಯಸ್ಸು ಮೂವತ್ತು.

1990ರ ಸೆಪ್ಟೆಂಬರ್ 30ರ ಬೆಳಗ್ಗೆ ಆನಗೋಡಿನಿಂದ ಬಂದ ಸುದ್ದಿ ಕೇಳಿದ ಕನ್ನಡಿಗನಿಗೆ ಇದು ಎಂಥ ಪೆಟ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಅಷ್ಟೇ, ಹಿಂದೆ ಉಳಿದವನು ಅಣ್ಣ.

ಬೇರೆ ಯಾರೇ ಆಗಿದ್ದರೂ ಅಂಗಡಿ ಮುಚ್ಚುತ್ತಿದ್ದರು. ಜಾನ್ ಮುಚ್ಚಲಿಲ್ಲ. ನಾನು ನಿಲ್ಲಿಸಿದರೆ ತಮ್ಮನ ಹಾಡುಗಳೂ ಅವನ ಜೊತೆ ಮಣ್ಣಿಗೆ ಹೋಗುತ್ತವೆ ಅನ್ನುವುದು ಅವನ ಹೆದರಿಕೆ. 1994ರ ‘ಹ್ಯಾಂಡ್‌ಫುಲ್ ಆಫ್ ರೇನ್’ ತಟ್ಟೆಯಲ್ಲಿ ಡ್ರಮ್ಮು, ಬೇಸ್ ಗಿಟಾರು, ಪಿಯಾನೋ, ಹೆಚ್ಚುಕಡಿಮೆ ಎಲ್ಲ ಅವನೇ ನುಡಿಸಿದ. ಕ್ರಿಸ್ ನುಡಿಸಬೇಕಾಗಿದ್ದ ಜಾಗಗಳಿಗೆ ಮಾತ್ರ ಟೆಸ್ಟಮೆಂಟ್ ಬ್ಯಾಂಡಿನ ಅಲೆಕ್ಸ್ ಸ್ಕೋಲ್ನಿಕ್‌ನನ್ನು ಕರೆಸಿದರು. ಅದರಲ್ಲಿ ‘ಚಾನ್ಸ್’ ಅಂತ ಒಂದು ಹಾಡಿದೆ. ಲಿಥುವೇನಿಯಾದಲ್ಲಿದ್ದ ಜಪಾನಿನ ಅಧಿಕಾರಿ ಚಿಯೂನೆ ಸುಗಿಹಾರಾ 1940ರಲ್ಲಿ ತನ್ನ ಸರ್ಕಾರದ ಮಾತು ಮೀರಿ ಸಾವಿರಾರು ಯಹೂದಿಗಳಿಗೆ ವೀಸಾ ಬರೆದುಕೊಟ್ಟನಲ್ಲ, ಆತನ ನೆನಪಿನಲ್ಲಿ ಕಟ್ಟಿದ್ದು. ಕೊನೆಗೆ ಬರುವ ಹೊತ್ತಿಗೆ ನಾಲ್ಕಾರು ದನಿಗಳು ಒಂದೊಂದು ಬೇರೆ ಬೇರೆ ಸಾಲು ಹಿಡಿದು ಒಂದರ ಮೇಲೊಂದು ಏರುತ್ತವೆ, ಆದರೂ ಯಾವುದೂ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ! ಮೆಟಲ್‌ನಲ್ಲಿ ಇದನ್ನು ಇಷ್ಟು ಧೈರ್ಯವಾಗಿ ಮಾಡಿದವರು ಕಡಿಮೆ.

ಈಗ ಆ ಟ್ಯೂನಿಗೆ ಬರೋಣ. 1992ರ ಏಪ್ರಿಲ್‌ನಿಂದ ಬಾಸ್ನಿಯಾದ ಸರಾಯೆವೋ ಊರಿಗೆ ಮುತ್ತಿಗೆ. ನಾಲ್ಕು ವರ್ಷದ ಹತ್ತಿರ, 1996ರ ಫೆಬ್ರವರಿವರೆಗೆ. ಸುತ್ತಲ ಬೆಟ್ಟದ ಮೇಲಿಂದ ಶೆಲ್ಲು, ಗುಂಡು. ಅದೇ ಮೇ ತಿಂಗಳಲ್ಲಿ ಬ್ರೆಡ್ಡಿಗೆ ಸಾಲು ನಿಂತಿದ್ದವರ ಮೇಲೆ ಶೆಲ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ವೆದ್ರಾನ್ ಸ್ಮೈಲೋವಿಚ್ ಎಂಬ ಚೆಲ್ಲೋ ವಾದಕ ಕೋಟು ತೊಟ್ಟು, ಆ ಜಾಗಕ್ಕೇ ಬಂದು ಕೂತು ನುಡಿಸತೊಡಗಿದ. ಗುಂಡು ಹಾರುತ್ತಲೇ ಇತ್ತು. ಈತ ನುಡಿಸುತ್ತಲೇ ಇದ್ದ.

ಅಂಥ ಒಬ್ಬ ವಾದಕನನ್ನು ನಡುವೆ ಇಟ್ಟು ಓನೀಲ್ ಮತ್ತು ಜಾನ್ 1995ರಲ್ಲಿ ‘ಡೆಡ್ ವಿಂಟರ್ ಡೆಡ್’ ಕಟ್ಟಿದರು. ಒಬ್ಬ ಸರ್ಬ್ ಹುಡುಗ, ಒಬ್ಬಳು ಮುಸ್ಲಿಂ ಹುಡುಗಿ, ಇಬ್ಬರ ಕೈಯಲ್ಲೂ ಶಸ್ತ್ರ, ಇಬ್ಬರ ಕಿವಿಗೂ ರಾತ್ರಿ ಬೀಳುವುದು ಆ ಮುದುಕನ ಚೆಲ್ಲೋ. ಕ್ರಿಸ್ಮಸ್ ಹಿಂದಿನ ರಾತ್ರಿ ಅದು ಥಟ್ಟನೆ ನಿಂತುಹೋಗುತ್ತೆ. ಏನಾಯಿತು ಅಂತ ನೋಡಲು ಇಬ್ಬರೂ ಬೇರೆ ಬೇರೆ ದಿಕ್ಕಿನಿಂದ ಬರ್ತಾರೆ; ಮುದುಕ ಹೆಣವಾಗಿ ಬಿದ್ದಿರುತ್ತಾನೆ. ಆ ರಾತ್ರಿ ಅವನು ನುಡಿಸಿದ್ದೇ ‘ಕ್ರಿಸ್ಮಸ್ ಈವ್, ಸರಾಯೆವೋ 12/24’. ಹಳೇ ಇಂಗ್ಲಿಷ್ ಕ್ರಿಸ್ಮಸ್ ಹಾಡೊಂದು, ಯುಕ್ರೇನಿನ ಲಿಯೊಂತೊವಿಚ್ ರಾಗ ಕೂರಿಸಿದ ‘ಶ್ಚೆದ್ರಿಕ್’ ಇನ್ನೊಂದು, ಎರಡನ್ನೂ ಹೆಣೆದದ್ದು. ಒಂಟಿ ಚೆಲ್ಲೋ ಅಂದರೆ ಆ ಮುದುಕ. ಮೇಲೆ ಬಿದ್ದು ಬರುವ ಆರ್ಕೆಸ್ಟ್ರಾ ಅಂದರೆ ಯುದ್ಧ. ಅಂಗಡಿಯಲ್ಲಿ ಸಾಮಾನು ಆರಿಸುತ್ತಾ ಜನ ಗುನುಗುವ ಟ್ಯೂನಿನೊಳಗೆ ಇರುವುದು ಇದು!

ಆ ಡಿಸೆಂಬರ್‌ನಲ್ಲಿ ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಿದವು. ಕೇಳಿದವರು ಮತ್ತೆ ಹಾಕಿ ಅಂದರು. ಆದರೆ ‘ಸ್ಯಾವಟಾಜ್’ ಅಂದರೆ ಮೆಟಲ್, ಮೆಟಲ್ ಅಂದರೆ ಬೇಡ ಅನ್ನುವ ಕೇಂದ್ರಗಳೇ ಹೆಚ್ಚು. ಓನೀಲ್ ಒಂದು ಉಪಾಯ ಹೂಡಿದ. ಮಾರನೇ ವರ್ಷ, 1996ರಲ್ಲಿ, ಅದೇ ಧ್ವನಿಮುದ್ರಣ, ಅದೇ ಕೈಗಳು, ಆದರೆ ಮೇಲೆ ಹೊಸ ಹೆಸರು ‘ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾ’. ರಕ್ಕಸನ ಚಿತ್ರ ಇಲ್ಲ, ಕಪ್ಪು ಚರ್ಮದ ಜಾಕೆಟ್ ಇಲ್ಲ. ಏನಾಯಿತು ಅಂತೀರಾ? ಆ ತಟ್ಟೆ ಅಮೆರಿಕದಲ್ಲಿ ಮೂರು ಬಾರಿ ಪ್ಲಾಟಿನಮ್, ಅಂದರೆ 30 ಲಕ್ಷ! 1999ರಿಂದ ಊರೂರು ಸುತ್ತಿ ಪ್ರದರ್ಶನ; ಒಂದು ತಂಡ ಸಾಲದೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಬೆಂಕಿ, ಲೇಸರ್, ಸೂಟು ಹಾಕಿದ ಗಿಟಾರಿಗರು. ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ನೋಡುವ ಆಟ. ಇದುವರೆಗೆ ಮಾರಿದ ತಟ್ಟೆಗಳು ಒಂದು ಕೋಟಿಗೂ ಮೇಲೆ. ವೇದಿಕೆ ಮೇಲೆ ಯಾರು? ಕ್ರಿಸ್ ಕ್ಯಾಫರಿ, ಅಲ್ ಪಿಟ್ರೆಲ್ಲಿ, ಜಾನಿ ಲೀ ಮಿಡಲ್‌ಟನ್, ಜೆಫ್ ಪ್ಲೇಟ್. ಎಲ್ಲ ಸ್ಯಾವಟಾಜ್‌ನವರೇ!

ಹಳೇ ಅಭಿಮಾನಿಗಳು ಇದಕ್ಕೆ ಓನೀಲ್‌ನನ್ನು ಬೈಯುತ್ತಾರೆ. ನಾನು ಬೈಯಲಾರೆ. ಹನ್ನೆರಡು ವರ್ಷ ಹಸಿದ ಕಲಾವಿದರ ಮನೆಯಲ್ಲಿ ಒಲೆ ಉರಿಯಿತು ಅಂದರೆ ಅದು ಅವನಿಂದ. ಆದರೆ ಹೊಟ್ಟೆ ಉರಿಯುವ ಮಾತೂ ಒಂದಿದೆ. ಟ್ರಾನ್ಸ್-ಸೈಬೀರಿಯನ್‌ಗೆ ಜಾಗ ಬೆಳೆದಂತೆ ಸ್ಯಾವಟಾಜ್‌ಗೆ ಸಮಯ ಸಿಗಲಿಲ್ಲ. 1997ರಲ್ಲಿ ‘ದಿ ವೇಕ್ ಆಫ್ ಮೆಗಲನ್’, 2001ರಲ್ಲಿ ಜಾನ್ ಮತ್ತೆ ಹಾಡಿದ ‘ಪೊಯೆಟ್ಸ್ ಅಂಡ್ ಮ್ಯಾಡ್‌ಮೆನ್’, ಅಷ್ಟೇ. ಬ್ಯಾಂಡು ಒಡೆದು ಹೋಗಲಿಲ್ಲ, ಜಗಳ ಆಗಲಿಲ್ಲ. ತನ್ನ ಕೂಸಿನ ನೆರಳಲ್ಲೇ ಮಲಗಿಬಿಟ್ಟಿತು. ಕ್ರಿಸ್ ಮಾತ್ರ ಈ ಹೌಸ್‌ಫುಲ್ ಬೋರ್ಡನ್ನು ಒಂದು ದಿನವೂ ನೋಡಲಿಲ್ಲ.

ಮಲಗಿದ್ದನ್ನು ಎಬ್ಬಿಸಿದ್ದು ಯುರೋಪಿನ ಹುಡುಗರು. 2015ರಲ್ಲಿ ಜರ್ಮನಿಯ ವಾಕೆನ್ ಮೇಳದಲ್ಲಿ ಅಕ್ಕಪಕ್ಕದ ಎರಡು ದೊಡ್ಡ ವೇದಿಕೆ. ಒಂದರ ಮೇಲೆ ಸ್ಯಾವಟಾಜ್, ಇನ್ನೊಂದರ ಮೇಲೆ ಟ್ರಾನ್ಸ್-ಸೈಬೀರಿಯನ್. ಕೊನೆಗೆ ಎರಡೂ ಒಟ್ಟಿಗೆ! ಡಬಲ್ ಆ್ಯಕ್ಟಿಂಗ್ ಸಿನಿಮಾದ ಕ್ಲೈಮ್ಯಾಕ್ಸು ಅಂದುಕೊಳ್ಳಿ. ಎರಡು ವರ್ಷ ಕಳೆದು 2017ರ ಏಪ್ರಿಲ್‌ನಲ್ಲಿ ಓನೀಲ್ ತೀರಿಕೊಂಡ. 2025ರ ಏಪ್ರಿಲ್‌ನಲ್ಲಿ ಬ್ರೆಜಿಲ್‌ನ ಸಾವೋ ಪಾಲೋದಲ್ಲಿ ಬ್ಯಾಂಡು ಮತ್ತೆ ವೇದಿಕೆ ಹತ್ತಿತು. ಹಾಡಿದ್ದು ಜ್ಯಾಕ್ ಸ್ಟೀವನ್ಸ್. ಬೆನ್ನುಮೂಳೆಗೆ ಪೆಟ್ಟಾಗಿದ್ದ ಜಾನ್‌ಗೆ ಬರಲಾಗಲಿಲ್ಲ. ಪರದೆಯ ಮೇಲೆ ಪಿಯಾನೋ ಮುಂದೆ ಕೂತು ಕಾಣಿಸಿಕೊಂಡ.

ಈಗ ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತೀರಿ, ಗೊತ್ತು. ಕ್ರಿಸ್ಮಸ್ ಟ್ಯೂನು ಹೇಗೂ ಕಿವಿಗೆ ಬಿದ್ದೇ ಬೀಳುತ್ತೆ, ಅದು ಆಮೇಲಿರಲಿ. ಮೊದಲು ‘ಹಾಲ್ ಆಫ್ ದಿ ಮೌಂಟನ್ ಕಿಂಗ್’, ದನಿ ಜೋರಾಗಿಟ್ಟು. ಆಮೇಲೆ ‘ಗಟರ್ ಬ್ಯಾಲೆ’, ಆಮೇಲೆ ‘ಎಡ್ಜ್ ಆಫ್ ಥಾರ್ನ್ಸ್’ ಪೂರ್ತಿ, ನಡುವೆ ಎಬ್ಬಿಸಿದರೆ ಏಳಬೇಡಿ. ಮನೆಯವರೆಲ್ಲ ಮಲಗಿದ ಮೇಲೆ ‘ಹ್ಯಾಂಡ್‌ಫುಲ್ ಆಫ್ ರೇನ್’ನ ಕೊನೆಯ ಹಾಡು ‘ಅಲೋನ್ ಯು ಬ್ರೀದ್’ ಹಾಕಿ. ಅಣ್ಣ ತಮ್ಮನಿಗೆ ಬರೆದ ಹಾಡು. ಆ ಹೊತ್ತಿಗೆ ಇಯರ್‌ಫೋನ್ ಇದ್ದರೆ ಒಳ್ಳೆಯದು.