ಛತ್ರಿಯ ಕಡ್ಡಿ

ಮೊನ್ನೆ ನೆರೆಮನೆಯ ಬಾಲಕನೊಬ್ಬನು ಮುರುಕು ಛತ್ರಿಯ ಕಡ್ಡಿಯೊಂದನ್ನು ಕಟ್ಟೆಯ ಕಲ್ಲಿಗೆ ತಿಕ್ಕುತ್ತ ಕುಳಿತುದನ್ನು ಕಂಡು ನಮ್ಮ ಎದೆ ಝಲ್ಲೆಂದಿತು. ಏನು ಮಾಡುವಿಯೆಂದು ಕೇಳಿದರೆ, ‘ಏನಿಲ್ಲ ಅಜ್ಜಾ’ ಎಂದನು. ಆ ‘ಏನಿಲ್ಲ’ದ ಅರ್ಥವನ್ನು ನಾವು ಬಲ್ಲೆವು. ಸುಮಾರು ಐವತ್ತು ವರ್ಷಗಳ ಹಿಂದೆ ಅದೇ ಉತ್ತರವನ್ನು ನಾವೂ ಕೊಟ್ಟಿದ್ದೆವು. ಆ ಕಥೆಯನ್ನು ಈ ತಿಂಗಳು ವಾಚಕರಿಗೆ ಒಪ್ಪಿಸುವೆವು.

ನವಲಗುಂದ ತಾಲೂಕಿನ ನಮ್ಮೂರ ಮಗ್ಗುಲಲ್ಲಿಯೇ ಬೆಣ್ಣಿಹಳ್ಳವು ಹರಿಯುವದು. ಮುಂದೆ ಮಲಪ್ರಭೆಯನ್ನು ಕೂಡುವ ಈ ಹಳ್ಳವು ಮಳೆಗಾಲದಲ್ಲಿ ಎರೆಮಣ್ಣನ್ನೆಲ್ಲ ಕಲಸಿಕೊಂಡು ಬರುವದರಿಂದ, ಆಗ ನೀರಿನಲ್ಲಿ ತನ್ನ ಕೈ ತನಗೇ ಕಾಣದು. ನೀರು ತಿಳಿಯಾಗಬೇಕಾದರೆ ಎಳ್ಳ ಅಮಾವಾಸ್ಯೆ ಹತ್ತಿರ ಬರಬೇಕು. ಆಗ ಮಡುಗಳಲ್ಲಿ ಕೊರವ ಮೀನು ಗಾಳಿ ಕುಡಿಯಲು ಮೇಲೆ ಬಂದು ಮರಳಿ ಮುಳುಗುವದು ಚೆನ್ನಾಗಿ ಕಾಣುವದು. 1977ರ ಚಳಿಗಾಲದಲ್ಲಿ ನಮಗೆ ಹನ್ನೆರಡು ವರ್ಷ. ನಮ್ಮ ಮನೆಯಲ್ಲಿ ಮೀನೆಂದರೆ ದಶಾವತಾರಗಳಲ್ಲಿ ಮೊದಲನೆಯದೇ ಹೊರತು ಆಹಾರವಲ್ಲ. ತಂದೆಯವರು ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ‘ಮತ್ಸ್ಯವೇಧನ’ವೆಂಬ ಶಬ್ದವು ಬಂದ ದಿವಸ ನಮ್ಮ ಚಿತ್ತವು ಹಳ್ಳಕ್ಕೆ ಓಡಿತು. ಅಲ್ಲಿ ಆ ಶಬ್ದಕ್ಕೆ ಗಾಳವೆಂದು ಅರ್ಥ. ಅರ್ಥ ಕೇಳುವ ತಾಳ್ಮೆ ಯಾರಿಗಿತ್ತು? ನಾವು ಬಾಣವೆಂದೇ ತಿಳಿದೆವು.

ಒಂದು ಗೇಣಿನ ಬಿದಿರು ನಳಿಗೆ. ಅದರ ಎರಡೂ ಮಗ್ಗುಲಿಗೆ ಬಿಗಿದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ನಳಿಗೆಯೊಳಗೆ ತಂದೆಯವರ ಛತ್ರಿಯಿಂದ ಕಿತ್ತ ಉಕ್ಕಿನ ಕಡ್ಡಿ. ಕಡ್ಡಿಯ ಬಾಲವನ್ನು ಪಟ್ಟಿಯೊಡನೆ ಹಿಂದಕ್ಕೆಳೆದು ಬಿಡುವದಷ್ಟೇ ಕೆಲಸ. ಮೊನೆಯನ್ನು ಮೂರು ದಿನ ಮಸೆದೆವು.

ಜೊತೆಗಾರನು ಅಂಬಿಗರ ಹುಡುಗ. ಅವನ ತಂದೆಯನ್ನು ನಾವು ಕಾಕಾ ಎಂದು ಕರೆಯುತ್ತಿದ್ದೆವು; ಬಲೆ ಬೀಸಿ, ಸಂತೆಯಲ್ಲಿ ಮೀನು ಮಾರಿ ಬಾಳುವವರು. ಮೊದಲನೆಯ ದಿನ ದಂಡೆಯ ಮೇಲೆ ನಿಂತು, ಕಂಡ ಮೀನಿಗೆ ನೇರವಾಗಿ ಗುರಿಯಿಟ್ಟು ಬಿಟ್ಟೆವು. ಕಡ್ಡಿಯು ಮೀನಿನ ಬೆನ್ನ ಮೇಲಿಂದ ಹಾಯ್ದು ಆಚೆಯ ಕೆಸರಿನಲ್ಲಿ ಹೂತುಹೋಯಿತು, ಹುಡುಕಿದರೂ ಸಿಗಲಿಲ್ಲ. ಸಂಜೆಗೆ ಕಾಕಾನನ್ನು ಸುತ್ತುಬಳಸಿ ಕೇಳಿದಾಗ ಅವರು ಬಲೆಯ ಗಂಟು ಹಾಕುತ್ತಲೇ ಅಂದದ್ದು: “ಮೀನ ಕಂಡಲ್ಲಿ ಇರಾಂಗಿಲ್ಲೋ ತಮ್ಮಾ, ಅದಕ್ಕಿಂತ ಕೆಳಗ ಇರತೈತಿ.” ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವದರಿಂದ, ನೆಟ್ಟಗೆ ಮೇಲಿನಿಂದ ನೋಡಿದರೂ ನಾಲ್ಕು ಅಡಿ ಆಳದ ಮೀನು ಮೂರೇ ಅಡಿಯಲ್ಲಿರುವಂತೆ ತೋರುವದು, ಓರೆಯಾಗಿ ನೋಡಿದರೆ ಇನ್ನೂ ಮೇಲೆ. ಇದನ್ನು ನಾವು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ಪಾರ್ಥನು ನೀರೊಳಗಿನ ಬಿಂಬವನ್ನು ನೋಡಿ ಮೇಲಿನ ಮೀನನ್ನು ಹೊಡೆದನೆಂದು ಹರಿದಾಸರು ಹೇಳುವರು. ಅವನಿಗೆ ಬೆಣ್ಣಿಹಳ್ಳದ ಕೊರವವನ್ನು ತೋರಿಸಬೇಕಾಗಿತ್ತು.

ಛತ್ರಿಯಿಂದ ಎರಡನೆಯ ಕಡ್ಡಿಯೂ ಹೊರಬಿದ್ದಿತು. ಇದು ಕಳೆಯಬಾರದೆಂದು ಬಾಲಕ್ಕೆ ಉದ್ದವಾದ ಸುತಳಿ ಕಟ್ಟಿದೆವು. ಮೊನೆಗೆ ಮೂರು ದಿನ ವೆಚ್ಚ ಮಾಡಿದ ನಾವು ಈ ಸುತಳಿಯ ವಿಚಾರಕ್ಕೆ ಅರ್ಧ ಗಳಿಗೆಯನ್ನೂ ಕೊಡಲಿಲ್ಲ. ಗೆಳೆಯನು ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಮೀನನ್ನು ನಮ್ಮತ್ತ ಅಟ್ಟುತ್ತಿದ್ದನು. ಕಾಕಾನ ಮಾತಿನಂತೆ ಕೆಳಕ್ಕೆ ಗುರಿ ಹಿಡಿದು ಬಿಟ್ಟೆವು. ಸುತಳಿಯ ಕುಣಿಕೆಯೊಂದು ನಮ್ಮ ಹೆಬ್ಬೆರಳಿಗೇ ಸಿಕ್ಕಿ, ಕಡ್ಡಿಯು ಹೊರಳಿ, ಗೆಳೆಯನ ಪಾದದಲ್ಲಿ ನಟ್ಟಿತು.

ಅವನು ಅಳಲಿಲ್ಲ. ಕಡ್ಡಿಯನ್ನು ತಾನೇ ಕಿತ್ತು ಮಡುವಿಗೆ ಎಸೆದು, “ಜಾಲಿಮುಳ್ಳ ಅಂತೀನಿ, ನೀ ಸುಮ್ಮನಿರು” ಎಂದನು. ನಾವು ಸುಮ್ಮನಿದ್ದೆವು.

ಮುಳ್ಳು ನಡುವದು ನಮ್ಮ ಕಡೆ ದಿನದ ಮಾತಾದ್ದರಿಂದ ಅವನ ತಾಯಿಯು ಅರಿಸಿನ ಮೆತ್ತಿ ಬಿಟ್ಟಳು. ಮೂರನೆಯ ದಿನ ಪಾದವು ಬಾತು ಜ್ವರ ಬಂದಿತು. ಸಗಣಿ-ಮಣ್ಣಿನಲ್ಲಿರುವ ಧನುರ್ವಾಯುವಿನ ಬೀಜಕ್ಕೆ ಗಾಳಿಯಾಡದ ಇಂಥ ಆಳವಾದ ಸಣ್ಣ ಗಾಯವೇ ಪ್ರಶಸ್ತವಾದ ಸ್ಥಳ. ಅರಿಸಿನವು ಅಲ್ಲಿಗೆ ಮುಟ್ಟದು. ಮೈಯೆಲ್ಲ ಬಿಲ್ಲಿನಂತೆ ಬಾಗುವದರಿಂದ ಆ ಹೆಸರು. ಮಕ್ಕಳಿಗೆ ಈಗ ಹತ್ತನೆಯ ಮತ್ತು ಹದಿನಾರನೆಯ ವರ್ಷಕ್ಕೆ ಇದರ ಲಸಿಕೆಯುಂಟು. ಆಗ ನಮ್ಮ ಹಳ್ಳಿಗಳಲ್ಲಿ ಅದನ್ನು ಹಾಕಿಸಿಕೊಂಡವರು ಯಾರು? ಕಾಕಾ ಅವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋಗಿ ಸೂಜಿ ಹಾಕಿಸಿದರು. ದೇವರ ದಯೆಯಿಂದ ಆ ರೋಗವು ಬರಲಿಲ್ಲ. ಆದರೆ ಕಾಕಾನಿಗೆ ಎರಡು ಸಂತೆ ತಪ್ಪಿದವು. ಕೆರವಿಲ್ಲದೆ ತಿರುಗಿದ್ದಕ್ಕಾಗಿ ಗೆಳೆಯನಿಗೆ ಏಟುಗಳೂ ಬಿದ್ದವು. ಆ ಏಟಿನ ಸಪ್ಪಳವು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು.

ಮುಂದೆ ರೋಹಿಣಿ ಮಳೆ ಬಿದ್ದ ದಿವಸ ತಂದೆಯವರು ಗೂಟದ ಮೇಲಿನ ಛತ್ರಿಯನ್ನು ತೆಗೆದು ಬಿಚ್ಚಿದರು. ಒಂದು ಮಗ್ಗುಲು ಜೋತುಬಿದ್ದಿತು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: “ಆ ಹುಡುಗನ ತಂದೆಗೆ ನೀನು ಇನ್ನೂ ಹೇಳಿಲ್ಲಲ್ಲ?”

ಅವರಿಗೆ ಎಂದಿನಿಂದ ತಿಳಿದಿತ್ತೋ ನಾವು ಕೇಳಲಿಲ್ಲ. ಅದೇ ಛತ್ರಿಯ ಕೆಳಗೆ ಇಬ್ಬರೂ ಅಂಬಿಗರ ಓಣಿಗೆ ನಡೆದೆವು. ಜೋತ ಮಗ್ಗುಲು ನಮ್ಮ ಪಾಲಿಗೆ ಬಂದಿತ್ತು.